ತೂಕ ಏರಿತು, ಕಾರಣ ಕಾಣಲಿಲ್ಲ



ವೈದ್ಯರನ್ನು ಉಪನ್ಯಾಸಕ್ಕೆ ಕರೆದರೆ ಹೃದಯಾಘಾತವೋ ಕ್ಯಾನ್ಸರೋ ಅಂತೂ ದೊಡ್ಡ ಹೆಸರಿನ ಒಂದು ರೋಗದ ಬಗ್ಗೆ ಮಾತನಾಡುತ್ತಾರೆ ಎಂದು ಸಭಿಕರು ನಿರೀಕ್ಷಿಸುವುದು ಸಹಜ. ನಾನು ಇಂದು ಆರಿಸಿಕೊಂಡಿರುವುದು ರೋಗವನ್ನಲ್ಲ, ಒಂದು ದೂರನ್ನು. "ಊಟ ಮೊದಲಿನಷ್ಟೇ, ಕೆಲಸವೂ ಮೊದಲಿನಷ್ಟೇ. ಆದ್ರೂ ಮೈ ಬರ್ತಾನೇ ಇದೆ ಡಾಕ್ಟ್ರೇ" ಎಂಬ ಮಾತು ಹೊರರೋಗಿ ವಿಭಾಗದಲ್ಲಿ ಕೂತವರಿಗೆ ದಿನವೂ ಕಿವಿಗೆ ಬೀಳುತ್ತದೆ. ಹೆಚ್ಚಾಗಿ ಇದನ್ನು ಹೇಳುವವರು ಹೆಂಗಸರು. ಗಂಡಸರಿಗೆ ಹೊಟ್ಟೆ ಬಂದರೆ ನಮ್ಮಲ್ಲಿ ಅದನ್ನು ಸಂಬಳ ಏರಿದ ಗುರುತೆಂದು ಒಪ್ಪಿಕೊಳ್ಳುವ ರೂಢಿಯಿದೆ. ಹೀಗಾಗಿ ಅವರು ಆಸ್ಪತ್ರೆಗೆ ಬರುವುದು ಬಹಳ ತಡವಾಗಿ, ಅದೂ ಮನೆಯವರ ಬಲವಂತಕ್ಕೆ.

ಪಥ್ಯ, ವ್ಯಾಯಾಮ, ಉಪವಾಸಗಳ ಬಗ್ಗೆ ಇಂದು ನಾನು ಮಾತನಾಡುವುದಿಲ್ಲ. ಆ ಉಪದೇಶಕ್ಕೆ ನಮ್ಮಲ್ಲಿ ಕೊರತೆಯಿಲ್ಲ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರೂ ಪುಕ್ಕಟೆ ಕೊಡುತ್ತಾರೆ. ನನ್ನ ವಿಷಯ ಇಷ್ಟೇ: ತೂಕ ಏರುವುದರ ಹಿಂದೆ ಕಾಯಿಲೆಯೊಂದು ಅಡಗಿರುವ ಸಾಧ್ಯತೆ ಯಾವಾಗ, ಮತ್ತು ಅದನ್ನು ಗುರುತಿಸುವುದು ಹೇಗೆ. ಮೊದಲು ಕೊಬ್ಬಿಗೂ ನೀರಿಗೂ ಇರುವ ವ್ಯತ್ಯಾಸ, ಆಮೇಲೆ ಗ್ರಂಥಿಗಳು, ಅದಾದ ಮೇಲೆ ಔಷಧಿಗಳು, ಕೊನೆಗೆ ಪರೀಕ್ಷೆಗಳಲ್ಲಿ ಏನೂ ಸಿಗದವರ ಕಥೆ. ಮೂರನೆಯದಕ್ಕೆ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತೇನೆ. ಏಕೆಂದರೆ ನಮ್ಮ ಜನ ಥೈರಾಯ್ಡ್ ಗ್ರಂಥಿಯ ಮೇಲೆ ಸಲ್ಲದ ಅಪವಾದ ಹೊರಿಸುತ್ತಾರೆ, ನಾವು ವೈದ್ಯರು ಬರೆದುಕೊಡುವ ಮಾತ್ರೆಗಳ ಮೇಲೆ ಪಡಬೇಕಾದಷ್ಟು ಅನುಮಾನ ಪಡುವುದಿಲ್ಲ. ಇದು ನನ್ನ ಬಹುಕಾಲದ ತಕರಾರು.

ಮೊದಲನೆಯ ವಿಷಯಕ್ಕೆ ಒಂದು ಸಣ್ಣ ಲೆಕ್ಕ ಬೇಕು. ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಶಕ್ತಿ ಇರುತ್ತದೆ. ವಾರದಲ್ಲಿ ನಾಲ್ಕು ಕಿಲೋ ಕೊಬ್ಬು ಸೇರಬೇಕಾದರೆ ದಿನಕ್ಕೆ ಬೇಕಾದದ್ದರ ಮೇಲೆ ಇನ್ನೂ 4,400 ಕ್ಯಾಲೊರಿ ತಿನ್ನಬೇಕು. ಎಂಥ ಊಟಗಾರರಾದರೂ ಮದುವೆಮನೆಯಲ್ಲಿ ಏಳು ದಿನ ಸತತವಾಗಿ ಕೂತು ಇದನ್ನು ಸಾಧಿಸುವುದು ಕಷ್ಟ. ನೀರಿನ ವಿಷಯ ಹಾಗಲ್ಲ. ಒಂದು ಲೀಟರ್ ನೀರು ಮೈಯಲ್ಲಿ ಉಳಿದರೆ ತಕ್ಕಡಿ ಒಂದು ಕಿಲೋ ಹೆಚ್ಚು ತೋರಿಸುತ್ತದೆ, ಅಷ್ಟೇ. ಆದ್ದರಿಂದ ದಿನಗಳಲ್ಲಿ ಏರಿದ ತೂಕವೆಂದರೆ ನೀರೆಂದೇ ಹಿಡಿಯಬೇಕು. ತಿಂಗಳುಗಳಲ್ಲಿ ಏರಿದ್ದು ಕೊಬ್ಬಿರಬಹುದು.

ನೀರು ಉಳಿಯುವುದು ಏಕೆ? ಹೃದಯ ಸೋತು ರಕ್ತವನ್ನು ಸರಿಯಾಗಿ ತಳ್ಳದಿದ್ದರೆ ಸಂಜೆಯ ಹೊತ್ತಿಗೆ ಪಾದ ಊದುತ್ತದೆ, ಚಪ್ಪಲಿಯ ಪಟ್ಟಿ ಅಚ್ಚೊತ್ತುತ್ತದೆ, ಅಂಗಾತ ಮಲಗಿದರೆ ಉಸಿರು ಕಟ್ಟುತ್ತದೆ. ಒಂದು ದಿಂಬು ಸಾಕಾಗುತ್ತಿದ್ದವರಿಗೆ ಮೂರು ದಿಂಬು ಬೇಕಾಗುತ್ತದೆ. ಮೂತ್ರಪಿಂಡದಲ್ಲಿ ಪ್ರೋಟೀನ್ ಸೋರಿಹೋಗುತ್ತಿದ್ದರೆ ಊತ ಮೊದಲು ಕಾಣುವುದು ಬೆಳಗಿನ ಹೊತ್ತು, ಕಣ್ಣಿನ ರೆಪ್ಪೆಗಳಲ್ಲಿ, ಮೂತ್ರ ನೊರೆನೊರೆಯಾಗಿರುತ್ತದೆ. ಮಕ್ಕಳಲ್ಲಿ ಇದು ಬಂದಾಗ ಅಜ್ಜಿಯಂದಿರು "ಈಗ ಸ್ವಲ್ಪ ಮೈ ಹಿಡೀತು ಮಗು" ಎಂದು ಸಂತೋಷಪಡುವುದೂ ಉಂಟು. ಯಕೃತ್ತು ಕೆಟ್ಟರೆ ಕೈಕಾಲು ಸೊರಗಿ ಹೊಟ್ಟೆ ಮಾತ್ರ ಉಬ್ಬುತ್ತದೆ. ಮನೆಯಲ್ಲೇ ಮಾಡಬಹುದಾದ ಪರೀಕ್ಷೆಯೊಂದಿದೆ. ಮೊಣಕಾಲಿನ ಕೆಳಗೆ, ಮುಂಭಾಗದ ಎಲುಬಿನ ಮೇಲೆ ಹೆಬ್ಬೆರಳಿನಿಂದ ಹತ್ತು ಎಣಿಸುವಷ್ಟು ಹೊತ್ತು ಒತ್ತಿ ಹಿಡಿದು ಬಿಡಿ. ಅಲ್ಲಿ ಗುಂಡಿ ಬಿದ್ದು ಹಾಗೇ ನಿಂತರೆ ಅದು ಕೊಬ್ಬಲ್ಲ. ಹೃದಯ ದುರ್ಬಲವಾಗಿರುವವರಿಗೆ ನಾವು ದಿನವೂ ಬೆಳಿಗ್ಗೆ ಮೂತ್ರ ಮಾಡಿ, ತಿಂಡಿಗೆ ಮುಂಚೆ, ಅದೇ ತಕ್ಕಡಿಯಲ್ಲಿ ತೂಕ ನೋಡಿ ಬರೆದಿಡಲು ಹೇಳುತ್ತೇವೆ. ಎರಡು ಮೂರು ದಿನದಲ್ಲಿ ಎರಡು ಕಿಲೋ ಏರಿದರೆ ಮುಂದಿನ ತಪಾಸಣೆಯ ತಾರೀಖಿಗೆ ಕಾಯದೆ ಬರಬೇಕು.

ಹೊಟ್ಟೆ ಒಂದೇ ದೊಡ್ಡದಾಗುವುದರ ಬಗ್ಗೆ ತಾಯಂದಿರಿಗೆ ಒಂದು ಮಾತು. ಮುಖ, ತೋಳು, ತೊಡೆ ಎಲ್ಲ ಹಾಗೇ ಇದ್ದು, ಅಥವಾ ಇಳಿದು, ಹೊಟ್ಟೆ ಮಾತ್ರ ಏರುತ್ತಿದ್ದರೆ, ಸ್ವಲ್ಪ ತಿಂದರೆ ತುಂಬಿದಂತಾಗುತ್ತಿದ್ದರೆ, ಅದನ್ನು "ಮುಟ್ಟು ನಿಂತಮೇಲೆ ಎಲ್ಲರಿಗೂ ಹೀಗೇ" ಎಂದು ಬಿಡಬಾರದು. ಅಂಡಾಶಯದ ಗಡ್ಡೆಗಳು ಹೀಗೆ ಸದ್ದಿಲ್ಲದೆ ಬೆಳೆಯುತ್ತವೆ. ಒಂದು ಸ್ಕ್ಯಾನಿಂಗ್ ಸಾಕು, ಸಂಶಯ ತೀರಿಸಿಕೊಳ್ಳಲು.

ಇನ್ನು ಗ್ರಂಥಿಗಳ ವಿಷಯ. ಥೈರಾಯ್ಡ್‌ನಿಂದಲೇ ಶುರುಮಾಡುತ್ತೇನೆ, ಸಭೆಯಲ್ಲಿ ಅರ್ಧದಷ್ಟು ಜನ ಅದಕ್ಕೇ ಕಾದಿದ್ದೀರಿ.

ಕುತ್ತಿಗೆಯ ಮುಂಭಾಗದಲ್ಲಿರುವ ಈ ಸಣ್ಣ ಗ್ರಂಥಿ ಸೋತಾಗ ಬರುವ ಕಾಯಿಲೆಯನ್ನು, ಕಾರಣ ಗೊತ್ತಾಗುವ ಮೊದಲೇ, 1870ರ ದಶಕದಲ್ಲಿ ಇಂಗ್ಲೆಂಡಿನ ವೈದ್ಯರು ಗುರುತಿಸಿದ್ದರು. 1873ರಲ್ಲಿ ವಿಲಿಯಂ ಗಲ್ ಅದನ್ನು ವಿವರಿಸಿದರು. ಮೈ ಊದಿಕೊಂಡು, ಧ್ವನಿ ಗಡಸಾಗಿ, ಚರ್ಮ ಒಣಗಿ, ಮಾತು ನಿಧಾನವಾಗಿ, ಚಳಿ ತಡೆಯದೆ ಮೂಲೆ ಹಿಡಿಯುತ್ತಿದ್ದ ಈ ರೋಗಿಗಳಿಗೆ ಆಗ ಚಿಕಿತ್ಸೆ ಇರಲಿಲ್ಲ. 1891ರಲ್ಲಿ ನ್ಯೂಕ್ಯಾಸಲ್‌ನ ಜಾರ್ಜ್ ಮರ್ರೆ ಎಂಬ ಯುವ ವೈದ್ಯರು ಕುರಿಯ ಥೈರಾಯ್ಡ್ ಗ್ರಂಥಿಯಿಂದ ರಸ ತೆಗೆದು 46 ವರ್ಷದ ಮಹಿಳೆಯೊಬ್ಬರಿಗೆ ಚುಚ್ಚಿದರು. ಆಕೆ ಅಲ್ಲಿಂದ ಮುಂದೆ 28 ವರ್ಷ ಬದುಕಿ 1919ರಲ್ಲಿ ತೀರಿಕೊಂಡರು. ಆ 28 ವರ್ಷಕ್ಕೆ 870ಕ್ಕೂ ಹೆಚ್ಚು ಕುರಿಗಳ ಗ್ರಂಥಿ ಬೇಕಾಯಿತು. ಇಂದು ಅದೇ ಕೆಲಸವನ್ನು ಬೆಳಿಗ್ಗೆ ಬರಿಹೊಟ್ಟೆಯಲ್ಲಿ ನುಂಗುವ ಸಣ್ಣ ಮಾತ್ರೆ ಮಾಡುತ್ತದೆ. ಕಾಫಿಗೆ ಅರ್ಧ ಗಂಟೆಯಾದರೂ ಮುಂಚೆ, ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆಗಳಿಂದ ನಾಲ್ಕು ಗಂಟೆ ದೂರ, ಈ ಎರಡು ನಿಯಮ ಪಾಲಿಸದೆ "ಮಾತ್ರೆ ಕೆಲಸ ಮಾಡ್ತಿಲ್ಲ" ಎನ್ನುವವರು ಬಹಳ.

ನಮ್ಮಲ್ಲಿ ಈ ತೊಂದರೆ ಅಪರೂಪವಲ್ಲ. ಬೆಂಗಳೂರೂ ಸೇರಿದಂತೆ ದೇಶದ ಎಂಟು ನಗರಗಳಲ್ಲಿ 5,376 ವಯಸ್ಕರ ರಕ್ತ ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನೂರಕ್ಕೆ ಸುಮಾರು 11 ಜನರಲ್ಲಿ ಥೈರಾಯ್ಡ್ ಕೊರತೆ ಕಂಡಿತು. ಅವರಲ್ಲದೆ ಇನ್ನೂ ಅನೇಕರದು ಲಕ್ಷಣವೇ ತೋರದ, ಥೈರಾಯ್ಡನ್ನು ಕೆಲಸಕ್ಕೆ ಹಚ್ಚುವ ಹಾರ್ಮೋನಾದ ಟಿಎಸ್‌ಎಚ್ ಮಾತ್ರ ಸ್ವಲ್ಪ ಏರಿದ ಸ್ಥಿತಿ. ಇಲ್ಲಿಯೇ ನನ್ನ ತಕರಾರಿನ ಮೊದಲ ಭಾಗ. ಥೈರಾಯ್ಡ್ ಪೂರ್ತಿ ಸೋತರೂ ಅದರಿಂದ ಏರುವ ತೂಕ ಸಾಮಾನ್ಯವಾಗಿ ಎರಡರಿಂದ ನಾಲ್ಕು ಕಿಲೋ. ಅದರಲ್ಲೂ ಹೆಚ್ಚಿನದು ಉಪ್ಪು ಮತ್ತು ನೀರು. ಮದುವೆಯಾದಾಗ 52 ಕಿಲೋ ಇದ್ದವರು 78 ಆಗಿದ್ದರೆ ಆ 26 ಕಿಲೋವನ್ನು ಟಿಎಸ್‌ಎಚ್ 6.2 ಇದ್ದ ಒಂದು ಚೀಟಿಯ ಮೇಲೆ ಹೊರಿಸಲು ಬರುವುದಿಲ್ಲ. ಚಿಕಿತ್ಸೆ ಬೇಕಾದವರಿಗೆ ಕೊಡಲೇಬೇಕು. ಅದರಿಂದ ಸುಸ್ತು, ಮಲಬದ್ಧತೆ, ಮುಟ್ಟಿನ ಏರುಪೇರು ಸರಿಹೋಗುತ್ತವೆ, ಒಂದೆರಡು ಕಿಲೋ ನೀರೂ ಇಳಿಯುತ್ತದೆ. ಉಳಿದ ತೂಕ ಇಳಿಯದಿದ್ದಾಗ ತಾವೇ ಮಾತ್ರೆಯ ಪ್ರಮಾಣ ಏರಿಸಿಕೊಳ್ಳುವವರಿದ್ದಾರೆ. ಅದರಿಂದ ಎದೆಬಡಿತ ತಪ್ಪುತ್ತದೆ, ಎಲುಬು ಸವೆಯುತ್ತದೆ.

ಎರಡನೆಯದು ಕಾಲೇಜು ವಯಸ್ಸಿನ ಹೆಣ್ಣುಮಕ್ಕಳಿಗೆ ಸಂಬಂಧಿಸಿದ್ದು, ಎಲ್ಲರೂ ಪಿಸಿಓಡಿ ಎಂದು ಕರೆಯುವ ತೊಂದರೆ. ಶಿಕಾಗೋದ ಸ್ಟೈನ್ ಮತ್ತು ಲೆವೆಂಥಾಲ್ ಎಂಬ ವೈದ್ಯರು 1935ರಲ್ಲಿ ಏಳು ಹೆಂಗಸರ ವಿವರ ಪ್ರಕಟಿಸಿದಾಗ ಇದನ್ನು ಅಂಡಾಶಯದ ಕಾಯಿಲೆ ಎಂದೇ ಭಾವಿಸಿದ್ದರು. ಇನ್ಸುಲಿನ್‌ಗೆ ಮೈ ಸರಿಯಾಗಿ ಸ್ಪಂದಿಸದಿರುವುದು ಇದರ ಬೇರುಗಳಲ್ಲೊಂದು ಎಂಬುದು ಬಹಳ ತಡವಾಗಿ ತಿಳಿಯಿತು. ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ, ಗಲ್ಲದ ಮೇಲೆ ಗಡುಸು ಕೂದಲು, ಮೊಡವೆ, ಸೊಂಟದ ಸುತ್ತ ತೂಕ. ಇವುಗಳ ಜೊತೆ ಇನ್ನೊಂದು ಗುರುತು ಇರುತ್ತದೆ, ಅದನ್ನು ನಮ್ಮ ಮನೆಗಳಲ್ಲಿ ಕೊಳೆ ಎಂದು ತಪ್ಪು ತಿಳಿಯುತ್ತಾರೆ. ಕತ್ತಿನ ಹಿಂಭಾಗ, ಕಂಕುಳು ಕಪ್ಪಾಗಿ, ಮುಟ್ಟಿದರೆ ಮಕಮಲ್ಲಿನಂತೆ ದಪ್ಪಗಾಗುತ್ತದೆ. ತಾಯಿ ಮಗಳ ಕತ್ತನ್ನು ಕಡಲೆಹಿಟ್ಟು, ನಿಂಬೆಹಣ್ಣು ಹಚ್ಚಿ ಕೆಂಪಾಗುವವರೆಗೆ ಉಜ್ಜುತ್ತಾಳೆ. ಅದು ಉಜ್ಜಿದರೆ ಹೋಗುವುದಲ್ಲ. ರಕ್ತದಲ್ಲಿ ಇನ್ಸುಲಿನ್ ಮಿತಿಮೀರಿರುವುದು ಚರ್ಮದ ಮೇಲೆ ಕಾಣುತ್ತಿದೆ. ಗಂಡುಮಕ್ಕಳಲ್ಲಿಯೂ ಕಾಣುತ್ತದೆ, ಯಾರೂ ಉಜ್ಜುವುದಿಲ್ಲ ಅಷ್ಟೆ. ಈ ಸ್ಥಿತಿಯಲ್ಲಿ ತೂಕವು ರೋಗವನ್ನೂ, ರೋಗವು ತೂಕವನ್ನೂ ಬೆಳೆಸುತ್ತವೆ. ಒಳ್ಳೆಯ ಸುದ್ದಿಯೆಂದರೆ ಇರುವ ತೂಕದಲ್ಲಿ ನೂರಕ್ಕೆ ಐದರಷ್ಟು ಇಳಿದರೂ ಅನೇಕರಲ್ಲಿ ಮುಟ್ಟು ತಾನಾಗಿ ಸರಿಹೋಗುತ್ತದೆ. ಎಂಬತ್ತು ಕಿಲೋ ಇರುವವರಿಗೆ ಅದು ನಾಲ್ಕು ಕಿಲೋ. ಐವತ್ತಕ್ಕೆ ಇಳಿಯಲೇಬೇಕೆಂದು ಹೆದರಿಸಬೇಕಾದ ಅಗತ್ಯ ಎಲ್ಲಿದೆ?

ಮೂತ್ರಪಿಂಡಗಳ ನೆತ್ತಿಯ ಮೇಲಿರುವ ಅಡ್ರಿನಲ್ ಗ್ರಂಥಿಗಳು ಕಾರ್ಟಿಸೋಲ್ ಎಂಬ ಹಾರ್ಮೋನನ್ನು ಅತಿಯಾಗಿ ಸುರಿಸುವುದು ಇನ್ನೊಂದು ಕಾರಣ. ಅಮೆರಿಕದ ಮಿದುಳು ಶಸ್ತ್ರವೈದ್ಯ ಹಾರ್ವೆ ಕುಷಿಂಗ್ 1912ರಲ್ಲಿ ಇಂಥ ಯುವತಿಯೊಬ್ಬಳನ್ನು ವಿವರಿಸಿದರು. 1932ರಲ್ಲಿ ಮಿದುಳಿನ ಬುಡದ ಪಿಟ್ಯೂಟರಿ ಗ್ರಂಥಿಯ ಸಣ್ಣ ಗಡ್ಡೆ ಇದರ ಮೂಲವೆಂದು ವಾದಿಸಿದರು. ಗಡ್ಡೆಯಿಂದ ಬರುವ ಕುಷಿಂಗ್ ರೋಗ ಬಹಳ ಅಪರೂಪ. ಸಾಮಾನ್ಯ ವೈದ್ಯರೊಬ್ಬರು ಇಡೀ ವೃತ್ತಿಜೀವನದಲ್ಲಿ ಒಂದೋ ಎರಡೋ ಕಂಡಾರು. ಆದರೆ ಅದೇ ಚಹರೆಯ ರೋಗಿಗಳು ನಮ್ಮ ಊರುಗಳಲ್ಲಿ ಅಪರೂಪವಲ್ಲ. ಏಕೆ ಎನ್ನುವುದು ಮುಂದಿನ ಭಾಗದಲ್ಲಿ ಬರುತ್ತದೆ.

ಗ್ರಂಥಿಗಳನ್ನು ಬಿಡುವ ಮೊದಲು ಶಾಲಾ ಶಿಕ್ಷಕರಿಗೊಂದು ಸೂಚನೆ. ಹೆಚ್ಚು ತಿಂದು ದಪ್ಪವಾದ ಮಕ್ಕಳು ಸಾಮಾನ್ಯವಾಗಿ ವಯಸ್ಸಿಗೆ ತಕ್ಕಷ್ಟು, ಎಷ್ಟೋ ವೇಳೆ ಓರಗೆಯವರಿಗಿಂತ ಎತ್ತರವಾಗಿಯೇ ಇರುತ್ತಾರೆ. ಮಗು ಅಡ್ಡ ಬೆಳೆಯುತ್ತಿದೆ, ಎತ್ತರ ನಿಂತುಬಿಟ್ಟಿದೆ ಎಂದಾದರೆ ಅದು ಗ್ರಂಥಿಯ ತೊಂದರೆಯ ಗಟ್ಟಿ ಸುಳಿವು. ವರ್ಷಕ್ಕೆರಡು ಸಲ ಎತ್ತರ ಅಳೆದು ಹಾಜರಿ ಪುಸ್ತಕದ ಕೊನೆಯ ಹಾಳೆಯಲ್ಲಿ ಗುರುತು ಹಾಕಿಡುವ ಮೇಷ್ಟ್ರು ಎಷ್ಟೋ ರೋಗಗಳನ್ನು ನಮಗಿಂತ ಮೊದಲು ಹಿಡಿಯಬಲ್ಲರು.

ಈಗ ಔಷಧಿಗಳಿಗೆ ಬರೋಣ.

1948ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಅವರು ಸಂಧಿವಾತದಿಂದ ಹಾಸಿಗೆ ಹಿಡಿದಿದ್ದ 29 ವರ್ಷದ ಮಹಿಳೆಗೆ ಕಾರ್ಟಿಸೋನ್ ಚುಚ್ಚುಮದ್ದು ಕೊಟ್ಟರು. ಹೊರಳಲೂ ಆಗದಿದ್ದ ಆಕೆ ಕೆಲವೇ ದಿನಗಳಲ್ಲಿ ಎದ್ದು ನಡೆದರು. ಎರಡೇ ವರ್ಷದಲ್ಲಿ, 1950ರಲ್ಲಿ, ಹೆಂಚ್, ಕಾರ್ಟಿಸೋನನ್ನು ಬೇರ್ಪಡಿಸಿದ ರಸಾಯನಶಾಸ್ತ್ರಜ್ಞರಾದ ಕೆಂಡಾಲ್, ರೈಕ್‌ಸ್ಟೈನ್ ಮೂವರಿಗೂ ನೊಬೆಲ್ ಬಂತು. ಇದೇ ಕೆಂಡಾಲ್ 1914ರ ಕ್ರಿಸ್‌ಮಸ್ ದಿನ ಥೈರಾಯ್ಡ್ ಹಾರ್ಮೋನನ್ನು ಮೊದಲ ಬಾರಿ ಶುದ್ಧರೂಪದಲ್ಲಿ ಬೇರ್ಪಡಿಸಿದವರು; ಇಂದಿನ ನಮ್ಮ ಎರಡು ವಿಷಯಗಳೂ ಒಬ್ಬರದೇ ಪ್ರಯೋಗಶಾಲೆಯಿಂದ ಹೊರಟವು. ಆದರೆ ಪವಾಡದ ಬೆನ್ನಲ್ಲೇ ಬೆಲೆಯೂ ಗೊತ್ತಾಯಿತು. ಔಷಧಿ ಮುಂದುವರಿಸಿದ ರೋಗಿಗಳ ಮುಖ ದುಂಡಗಾಯಿತು, ಮೈ ಬಂತು. ಸ್ಟೀರಾಯ್ಡ್ ಎಂದು ನಾವು ಇಂದು ಕರೆಯುವ ಪ್ರೆಡ್ನಿಸೋಲೋನ್, ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್ ಎಲ್ಲ ಇದೇ ವಂಶದವು. ಅಸ್ತಮಾ, ಲೂಪಸ್, ಮೂತ್ರಪಿಂಡದ ಕಾಯಿಲೆಗಳಲ್ಲಿ ಇವು ಜೀವ ಉಳಿಸುತ್ತವೆ. ನಾನು ಅವುಗಳ ವಿರೋಧಿಯಲ್ಲ. ಗೊತ್ತಿಲ್ಲದೆ ನುಂಗುವ ಸ್ಟೀರಾಯ್ಡಿನ ಬಗ್ಗೆ ನನ್ನ ಮಾತು.

ಅಂಥ ರೋಗಿ ಹೇಗಿರುತ್ತಾರೆ, ಹತ್ತಿರದಿಂದ ನೋಡೋಣ. ಐವತ್ತರ ಆಸುಪಾಸಿನ ಹೆಂಗಸು. ವರ್ಷದಲ್ಲಿ ಹನ್ನೆರಡು ಕಿಲೋ ಏರಿದ್ದಾರೆ. ಮುಖ ದುಂಡಗೆ, ಕೆನ್ನೆ ಕೆಂಪು. ರವಿಕೆ ಸೊಂಟದ ಹತ್ತಿರ ಹಿಡಿಯುತ್ತಿದೆ, ತೋಳು ಮಾತ್ರ ಸಡಿಲ. ಈ ಒಂದು ವಿವರ ಮುಖ್ಯ. ತಿಂದು ದಪ್ಪಗಾದವರ ತೋಳೂ ದಪ್ಪಗಾಗುತ್ತದೆ, ಇವರದು ಸೊರಗಿದೆ. ನೆಲದಲ್ಲಿ ಕೂತರೆ ಕೈಯೂರದೆ ಏಳಲಾರರು. ಬಳೆ ತಾಕುವ ಜಾಗದಲ್ಲೆಲ್ಲ ನೀಲಿಗಟ್ಟಿದ ಕಲೆ. ಹೊಟ್ಟೆಯ ಮೇಲೆ ಬೆರಳಗಲದ, ನೇರಳೆ ಬಣ್ಣದ ಗೀರುಗಳು. ಬಸುರಿನ ಗೀರುಗಳು ಕಾಲಕ್ರಮದಲ್ಲಿ ಬೆಳ್ಳಗಾಗಿ ತೆಳುವಾಗುತ್ತವೆ, ಇವು ಹಾಗಲ್ಲ. ಬಿಪಿ, ಸಕ್ಕರೆ ಎರಡೂ ಹೊಸದಾಗಿ ಬಂದಿವೆ. ಏನು ಮಾತ್ರೆ ತಗೊಳ್ತೀರಿ ಎಂದರೆ "ಏನೂ ಇಲ್ಲ" ಎನ್ನುತ್ತಾರೆ. ಮಂಡಿ ನೋವಿಗೆ ಏನು ಮಾಡ್ತೀರಿ ಎಂದು ಕೇಳಿದಾಗ ಚೀಲದ ತಳದಿಂದ ಕಾಗದದ ಪೊಟ್ಟಣವೊಂದು ಹೊರಬರುತ್ತದೆ. "ಇದು ಔಷಧಿ ಅಲ್ಲ ಡಾಕ್ಟ್ರೇ, ಬೇರಿನ ಪುಡಿ. ಸೈಡ್ ಎಫೆಕ್ಟ್ ಇಲ್ಲ. ಎರಡೇ ದಿನಕ್ಕೆ ನೋವು ಹೋಯ್ತು."

ಎರಡೇ ದಿನಕ್ಕೆ ಹೋದದ್ದೇ ಸುಳಿವು. ವರ್ಷಗಳ ಮಂಡಿ ಸವೆತ ಎರಡು ದಿನದಲ್ಲಿ ಬೇರಿನ ಪುಡಿಗೆ ಮಣಿಯುವುದಿಲ್ಲ. ಪುಡಿಯಲ್ಲಿ ಅರೆದು ಬೆರೆಸಿದ ಸ್ಟೀರಾಯ್ಡಿಗೆ ಮಣಿಯುತ್ತದೆ. ಇದರಲ್ಲಿ ಆಯುರ್ವೇದದ ತಪ್ಪಿಲ್ಲ, ಅದನ್ನು ಶಾಸ್ತ್ರೀಯವಾಗಿ ಕಲಿತ ವೈದ್ಯರೇ ಈ ಕಲಬೆರಕೆಯನ್ನು ನಮಗಿಂತ ಹೆಚ್ಚು ದ್ವೇಷಿಸುತ್ತಾರೆ. ನಮ್ಮ ಪದ್ಧತಿಯವರೂ ಸಾಚಾ ಅಲ್ಲ. ಪಟ್ಟಿಯಿಂದ ಬಿಡಿಸಿ, ನಾಲ್ಕೈದು ಬಣ್ಣದ ಮಾತ್ರೆಗಳನ್ನು ಪೊಟ್ಟಣ ಕಟ್ಟಿ "ಮೂರು ಹೊತ್ತು" ಎಂದು ಕೊಡುವ ಕ್ಲಿನಿಕ್ಕುಗಳು ಎಷ್ಟಿಲ್ಲ! ಆ ಗುಂಪಿನಲ್ಲಿ ಚಿಕ್ಕದೊಂದು ಬಿಳಿ ಮಾತ್ರೆ ಇರುತ್ತದೆ. ಹೆಸರು ಯಾರಿಗೂ ಗೊತ್ತಿಲ್ಲ. ಮುಖ ಬೆಳ್ಳಗಾಗಲೆಂದು ವರ್ಷಗಟ್ಟಲೆ ಹಚ್ಚುವ ಕ್ರೀಮುಗಳಲ್ಲೂ ಸ್ಟೀರಾಯ್ಡ್ ಇರುವುದುಂಟು. ಅವು ಮೊದಲು ಚರ್ಮವನ್ನು ಹಾಳುಮಾಡುತ್ತವೆ, ಬಲವಾದದ್ದನ್ನು ಮೈತುಂಬ ಹಚ್ಚಿದರೆ ರಕ್ತಕ್ಕೂ ಇಳಿಯುತ್ತವೆ. ಅಸ್ತಮಾ ಇರುವವರು ಇದನ್ನು ಕೇಳಿ ಇನ್‌ಹೇಲರ್ ಬಿಸಾಡಬಾರದು. ಸಾಮಾನ್ಯ ಪ್ರಮಾಣದ ಇನ್‌ಹೇಲರ್‌ನಿಂದ ಈ ಸ್ಥಿತಿ ಬರುವುದು ಬಹಳ ವಿರಳ.

ಹೊರಗಿನಿಂದ ಸ್ಟೀರಾಯ್ಡ್ ಬರುತ್ತಿರುವಾಗ ನಮ್ಮದೇ ಅಡ್ರಿನಲ್ ಗ್ರಂಥಿಗಳು ಕೆಲಸ ನಿಲ್ಲಿಸಿ ಮಲಗಿಬಿಡುತ್ತವೆ. ವಿಷಯ ಗೊತ್ತಾಗಿ, ಸಿಟ್ಟು ಬಂದು, ಪುಡಿಯನ್ನು ಒಂದೇ ದಿನಕ್ಕೆ ಚೆಲ್ಲಿದರೆ ಮೈಯಲ್ಲಿ ಕಾರ್ಟಿಸೋಲ್ ಎಂಬುದೇ ಇರುವುದಿಲ್ಲ. ವಾಂತಿ, ತಲೆಸುತ್ತು, ರಕ್ತದೊತ್ತಡ ಕುಸಿತ; ಜ್ವರವೋ ಭೇದಿಯೋ ಜೊತೆಗೂಡಿದರೆ ಪ್ರಾಣಕ್ಕೇ ಅಪಾಯ. ಬಿಡಿಸುವುದಕ್ಕೆ ವಾರಗಳು, ಎಷ್ಟೋ ವೇಳೆ ತಿಂಗಳುಗಳು ಬೇಕು, ವೈದ್ಯರ ಕಣ್ಣೆದುರಿನಲ್ಲಿ.

ಸ್ಟೀರಾಯ್ಡ್ ಬಿಟ್ಟರೆ ತೂಕದ ಮೇಲೆ ಹೆಚ್ಚು ಪರಿಣಾಮ ಮಾಡುವವು ಮನೋರೋಗದ ಕೆಲವು ಔಷಧಿಗಳು. ಒಲಾಂಜಪೀನ್, ಕ್ಲೋಜಪೀನ್ ಇವುಗಳಲ್ಲಿ ಮುಂದು. ಮಿರ್ಟಜಪೀನ್, ಅಮಿಟ್ರಿಪ್ಟಿಲೀನ್, ವಾಲ್ಪ್ರೋಯೇಟ್ ಅವುಗಳ ಹಿಂದೆ. ಮಿದುಳಿನಲ್ಲಿ "ಹೊಟ್ಟೆ ತುಂಬಿತು, ಸಾಕು" ಎಂದು ಹೇಳುವ ಕೇಂದ್ರಗಳನ್ನೇ ಇವು ಮಂಕು ಮಾಡುತ್ತವೆ. ಮೊದಲ ಕೆಲವು ತಿಂಗಳಲ್ಲೇ ತೂಕ ಜಿಗಿಯುತ್ತದೆ. ಮನೆಯವರು "ಹುಚ್ಚು ಹಸಿವು, ಅರ್ಧರಾತ್ರಿ ಎದ್ದು ಅನ್ನ ತಿಂತಾನೆ" ಎಂದು ದೂರುತ್ತಾರೆ, ಹುಡುಗನ ನಾಲಿಗೆ ಚಪಲ ಎಂದು ಬೈಯುತ್ತಾರೆ. ಹುಡುಗನದೇನೂ ತಪ್ಪಿಲ್ಲ. ಇಷ್ಟಾದರೂ ಹಠಾತ್ತನೆ ಮಾತ್ರೆ ನಿಲ್ಲಿಸಿದರೆ ಕಾಯಿಲೆ ಮರುಕಳಿಸುತ್ತದೆ, ಆ ನಷ್ಟದ ಮುಂದೆ ಹತ್ತು ಕಿಲೋ ಏನೇನೂ ಅಲ್ಲ. ಮನೋವೈದ್ಯರಿಗೆ ಹೇಳಿದರೆ ಅರಿಪಿಪ್ರಜೋಲ್‌ನಂಥ, ತೂಕವನ್ನು ಕಡಿಮೆ ಏರಿಸುವ ಔಷಧಿಗೆ ಬದಲಿಸಲು ಸಾಧ್ಯವೇ ನೋಡುತ್ತಾರೆ, ಅಥವಾ ಜೊತೆಗೆ ಮೆಟ್‌ಫಾರ್ಮಿನ್ ಸೇರಿಸುತ್ತಾರೆ. ಮನೆಯವರು ಹೇಳುವುದೇ ಇಲ್ಲ ಎನ್ನುವುದೇ ಕಷ್ಟ.

ಉಳಿದವನ್ನು ಬೇಗ ದಾಟುತ್ತೇನೆ. ಸಕ್ಕರೆ ಕಾಯಿಲೆಗೆ ಕೊಡುವ ಇನ್ಸುಲಿನ್, ಗ್ಲಿಮೆಪಿರೈಡ್, ಪಯೋಗ್ಲಿಟಜೋನ್ ತೂಕ ಏರಿಸುತ್ತವೆ. 1998ರಲ್ಲಿ ಪ್ರಕಟವಾದ ಬ್ರಿಟನ್ನಿನ ದೊಡ್ಡ ಅಧ್ಯಯನದಲ್ಲಿ ಇನ್ಸುಲಿನ್ ಪಡೆದವರು ಹತ್ತು ವರ್ಷದಲ್ಲಿ ಮುಖ್ಯವಾಗಿ ಪಥ್ಯದಲ್ಲಿದ್ದವರಿಗಿಂತ ಸುಮಾರು ನಾಲ್ಕು ಕಿಲೋ ಹೆಚ್ಚು ಏರಿದ್ದರು. ಮೂತ್ರದಲ್ಲಿ ಸೋರಿಹೋಗುತ್ತಿದ್ದ ಸಕ್ಕರೆ ಈಗ ಮೈಯಲ್ಲೇ ಉಳಿಯುವುದು ಒಂದು ಕಾರಣ, ಸಕ್ಕರೆ ಇಳಿದೀತೆಂಬ ಭಯಕ್ಕೆ ಆಗಾಗ ಬಿಸ್ಕತ್ತು ತಿನ್ನುವುದು ಇನ್ನೊಂದು. ಮಕ್ಕಳಿಗೆ ಹಸಿವಾಗಲೆಂದು ಮೆಡಿಕಲ್ ಸ್ಟೋರಿನಲ್ಲಿ ಕೇಳಿ ತರುವ ಟಾನಿಕ್ಕುಗಳಲ್ಲಿ ಸೈಪ್ರೋಹೆಪ್ಟಡೀನ್ ಇರುತ್ತದೆ. ಅದು ಅಲರ್ಜಿಯ ಔಷಧಿ, ಹಸಿವು ಅದರ ಅಡ್ಡಪರಿಣಾಮ. ಮೈಗ್ರೇನ್‌ಗೆ ಕೊಡುವ ಫ್ಲುನರಿಜೀನ್ ಕೂಡ ಹಾಗೆಯೇ. ಸರ್ಕಾರ 2017ರಲ್ಲಿ ಅಂತರಾ ಎಂಬ ಹೆಸರಿನಲ್ಲಿ ತಂದ, ಮೂರು ತಿಂಗಳಿಗೊಮ್ಮೆ ತೆಗೆದುಕೊಳ್ಳುವ ಗರ್ಭನಿರೋಧಕ ಚುಚ್ಚುಮದ್ದಿನಿಂದಲೂ ಕೆಲವರಿಗೆ ತೂಕ ಏರುತ್ತದೆ. ಬಿಪಿ ಮಾತ್ರೆಯಾದ ಆಮ್ಲೋಡಿಪೀನ್ ಪಾದ ಊದಿಸುತ್ತದೆ, ಅದು ಹೃದಯದ ಊತವೆಂದು ಹೆದರಬೇಕಿಲ್ಲ. ಬೀಡಿ ಸಿಗರೇಟು ಬಿಟ್ಟವರಿಗೆ ಮೊದಲ ವರ್ಷದಲ್ಲಿ ನಾಲ್ಕೈದು ಕಿಲೋ ಬರುವುದುಂಟು. ಅದಕ್ಕೆ ಹೆದರಿ ಮತ್ತೆ ಹಚ್ಚಬೇಡಿ.

ಕೊನೆಯ ಭಾಗಕ್ಕೆ ಬಂದಿದ್ದೇನೆ. ಎಲ್ಲ ಪರೀಕ್ಷೆ ಮಾಡಿ, ಚೀಲವನ್ನೆಲ್ಲ ತಡಕಿದರೂ ಏನೂ ಸಿಗದವರೇ ಹೆಚ್ಚು. ಇವರಿಗೆ ಏನು ಹೇಳಬೇಕು?

ನಿಜ ಹೇಳಬೇಕು. 1992ರಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಒಂದು ಅಧ್ಯಯನದಲ್ಲಿ, ಎಷ್ಟು ಕಡಿಮೆ ತಿಂದರೂ ಇಳಿಯುತ್ತಿಲ್ಲ ಎನ್ನುವವರನ್ನು ಕರೆದು ಅವರ ಮೈ ಖರ್ಚು ಮಾಡುವ ಶಕ್ತಿಯನ್ನು ನಿಖರವಾಗಿ ಅಳೆದರು. ಥೈರಾಯ್ಡ್ ಸರಿಯಿತ್ತು, ಮೈಯ ಖರ್ಚೂ ಸರಿಯಿತ್ತು. ಅವರು ತಿಂದದ್ದನ್ನು ಸರಾಸರಿ ನೂರಕ್ಕೆ 47ರಷ್ಟು ಕಡಿಮೆ ಬರೆದುಕೊಂಡಿದ್ದರು, ಮಾಡಿದ ಶ್ರಮವನ್ನು 51ರಷ್ಟು ಹೆಚ್ಚು ಬರೆದುಕೊಂಡಿದ್ದರು. ಅವರು ಸುಳ್ಳುಗಾರರಲ್ಲ. ಮನುಷ್ಯರಿಗೆ ತಿಂದದ್ದರ ಲೆಕ್ಕ ಸಿಗುವುದಿಲ್ಲ, ಅಷ್ಟೇ. ನಮ್ಮ ಅಡುಗೆಮನೆಗಳಲ್ಲಂತೂ ಅನ್ನ ಮುದ್ದೆಗಳನ್ನು ಎಣಿಸುತ್ತಾರೆ, ಒಗ್ಗರಣೆಯನ್ನು ಎಣಿಸುವುದಿಲ್ಲ. ಒಂದು ಲೀಟರ್ ಎಣ್ಣೆಯಲ್ಲಿ 8,000ಕ್ಕೂ ಹೆಚ್ಚು ಕ್ಯಾಲೊರಿ ಇದೆ. ಮಕ್ಕಳ ತಟ್ಟೆಯಲ್ಲಿ ಉಳಿದದ್ದನ್ನು "ಚೆಲ್ಲಬಾರದು" ಎಂದು ತಾಯಿ ಬಾಯಿಗೆ ಹಾಕಿಕೊಂಡದ್ದು ಯಾವ ಲೆಕ್ಕಕ್ಕೂ ಬರುವುದಿಲ್ಲ. ವಯಸ್ಸಾಯಿತು, ಮೈ ಜಡವಾಯಿತು ಎಂಬ ಸಮಾಧಾನಕ್ಕೂ ಆಧಾರ ಸಾಲದು. ಮೈಗಾತ್ರವನ್ನು ಲೆಕ್ಕಕ್ಕೆ ಹಿಡಿದು ನೋಡಿದರೆ ಇಪ್ಪತ್ತರಿಂದ ಅರವತ್ತರವರೆಗೆ ದೇಹದ ಶಕ್ತಿವ್ಯಯ ಹೆಚ್ಚು ಕಡಿಮೆ ಒಂದೇ ಸಮನಾಗಿರುತ್ತದೆ ಎಂದು 2021ರಲ್ಲಿ ಅನೇಕ ದೇಶಗಳ ಅಳತೆಗಳನ್ನು ಒಟ್ಟುಗೂಡಿಸಿದ ಅಧ್ಯಯನ ತೋರಿಸಿತು.

ಹಾಗೆಂದು ತಪ್ಪನ್ನೆಲ್ಲ ನಾಲಿಗೆಯ ಮೇಲೆ ಹಾಕಿದರೆ ಅದೂ ಅರ್ಧ ಸತ್ಯ. ಇಂಗ್ಲೆಂಡಿನಲ್ಲಿ ಒಂಬತ್ತು ವರ್ಷದ ಹುಡುಗಿಯೊಬ್ಬಳು 94 ಕಿಲೋ ತೂಗುತ್ತಿದ್ದಳು. ಅವಳ ಕೊಬ್ಬು ಲೆಪ್ಟಿನ್ ಎಂಬ ಹಾರ್ಮೋನನ್ನು ತಯಾರಿಸುತ್ತಲೇ ಇರಲಿಲ್ಲ. ಸಾಕು ಎನ್ನುವ ಸಂದೇಶ ಅವಳ ಮಿದುಳಿಗೆ ಒಮ್ಮೆಯೂ ತಲುಪಿರಲಿಲ್ಲ. ಕೇಂಬ್ರಿಜ್‌ನ ವೈದ್ಯರು ಆ ಹಾರ್ಮೋನನ್ನು ಚುಚ್ಚುಮದ್ದಾಗಿ ಕೊಟ್ಟರು. ಒಂದು ವರ್ಷದಲ್ಲಿ 16 ಕಿಲೋ ಇಳಿಯಿತೆಂದು 1999ರಲ್ಲಿ ಪ್ರಕಟಿಸಿದರು. ಇಂಥ ಮಕ್ಕಳು ಲಕ್ಷಕ್ಕೊಬ್ಬರೂ ಇರುವುದಿಲ್ಲ. ಆದರೆ ಹಸಿವು ಸ್ವಭಾವವಲ್ಲ, ರಕ್ತದಲ್ಲಿ ಹರಿಯುವ ರಸಾಯನಗಳ ಕೆಲಸ ಎಂಬುದನ್ನು ಅವಳೊಬ್ಬಳೇ ಸಾಬೀತು ಮಾಡಿದಳು. ನಿದ್ದೆಗೆಟ್ಟ ಎರಡೇ ರಾತ್ರಿಗಳಲ್ಲಿ ಈ ರಸಾಯನಗಳು ಹಸಿವಿನ ಕಡೆ ವಾಲುತ್ತವೆ. ರಾತ್ರಿ ಪಾಳಿಯ ಟೆಕ್ಕಿಗಳೂ, ಗೊರಕೆಯ ನಡುವೆ ಉಸಿರು ನಿಂತು ಬೆಚ್ಚಿ ಏಳುವವರೂ, ಹಗಲು ತೂಕಡಿಸುವ ಬಸ್ ಚಾಲಕರೂ ದಪ್ಪಗಾಗುವುದರಲ್ಲಿ ಇದರ ಪಾಲಿದೆ.

ಭಾರತೀಯರಾದ ನಮಗೆ ಇನ್ನೊಂದು ಹೊರೆ ಇದೆ. ನೋಡಲು ತೆಳ್ಳಗಿದ್ದರೂ ಒಳಗೆ ಕೊಬ್ಬು ಹೆಚ್ಚು. ಪುಣೆಯ ಡಾ. ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಯುಡ್ಕಿನ್ ತಮ್ಮಿಬ್ಬರ ಚಿತ್ರವನ್ನೇ 2004ರಲ್ಲಿ ವೈದ್ಯಪತ್ರಿಕೆಯಲ್ಲಿ ಹಾಕಿಸಿದರು. ಎತ್ತರಕ್ಕೆ ಹೋಲಿಸಿ ತೂಕ ಅಳೆಯುವ ಬಿಎಂಐ ಇಬ್ಬರದೂ ಒಂದೇ, 22.3. ಮೈಯ ಕೊಬ್ಬು ಮಾತ್ರ ಯುಡ್ಕಿನ್‌ಗೆ ನೂರಕ್ಕೆ 9.1, ಯಾಜ್ಞಿಕ್‌ಗೆ 21.2. ಈ ಹೊರೆ ಹುಟ್ಟುವ ಮುಂಚೆಯೇ ಶುರುವಾಗಬಹುದು. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ ಜೋಪಾನವಾಗಿ ಉಳಿಸಿಟ್ಟ ಹೆರಿಗೆ ದಾಖಲೆಗಳನ್ನು ಹಿಡಿದು, ಅಲ್ಲಿ ಹುಟ್ಟಿದವರನ್ನು ವಯಸ್ಸಾದ ಮೇಲೆ ಹುಡುಕಿ ಪರೀಕ್ಷಿಸಿದಾಗ, ಹುಟ್ಟುವಾಗ ಕಡಿಮೆ ತೂಕವಿದ್ದವರಲ್ಲೇ ಹೃದ್ರೋಗ ಹೆಚ್ಚು ಕಂಡಿತು. ಕಡಿಮೆ ತೂಕದಲ್ಲೇ ಅಪಾಯ ಶುರುವಾಗುವುದರಿಂದ ನಮಗೆ ಅಧಿಕ ತೂಕದ ಗಡಿ ಬಿಎಂಐ 25 ಅಲ್ಲ, 23. ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್. ಐದಾರು ಕಿಲೋ ತಾನೇ ಎಂದು ಸುಮ್ಮನಿರುವಂತಿಲ್ಲ.

ಸಮಯ ಮೀರುತ್ತಿದೆ ಎಂದು ಸಭೆಯ ಅಧ್ಯಕ್ಷರು ಗಡಿಯಾರ ನೋಡಿದರು. ವೈದ್ಯರ ಬಳಿ ಹೋಗುವವರಿಗೆ ಒಂದೆರಡು ಕೋರಿಕೆ ಹೇಳಿ ಮುಗಿಸುತ್ತೇನೆ. ತೂಕ ಎಷ್ಟಿತ್ತು, ಯಾವ ತಿಂಗಳಿಂದ ಏರಿತು ಎಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಎರಡು ಮೂರು ವರ್ಷ ಹಿಂದಿನ ಫೋಟೋ ಒಂದಿರಲಿ. ಮದುವೆ ಆಲ್ಬಮ್ಮಿನದಾದರೂ ಸರಿ, ಆಧಾರ್ ಕಾರ್ಡಿನದಾದರೂ ಸರಿ. ಕುಷಿಂಗ್ ರೋಗವನ್ನು ಎಷ್ಟೋ ಸಲ ಮೊದಲು ಹಿಡಿದದ್ದು ಹಳೆಯ ಫೋಟೋ ಪಕ್ಕದಲ್ಲಿ ಈಗಿನ ಮುಖ ಇಟ್ಟು ನೋಡಿದವರೇ. ಟಿಎಸ್‌ಎಚ್, ಸಕ್ಕರೆ, ಕ್ರಿಯಾಟಿನಿನ್, ಮೂತ್ರದ ಪ್ರೋಟೀನ್ ಇಷ್ಟು ಮೊದಲ ಸುತ್ತಿಗೆ ಸಾಕು; "ಫುಲ್ ಬಾಡಿ ಪ್ಯಾಕೇಜ್" ಎಂದು ಸಾವಿರಾರು ರೂಪಾಯಿ ಸುರಿಯಬೇಕಿಲ್ಲ. ಕಾರ್ಟಿಸೋಲ್ ಪರೀಕ್ಷೆ ಮೈಮೇಲೆ ಗುರುತುಗಳಿದ್ದವರಿಗೆ ಮಾತ್ರ. ಮನೆಯಲ್ಲಿರುವ ಎಲ್ಲ ಮಾತ್ರೆ, ಟಾನಿಕ್, ಕ್ರೀಮು, ಲೇಹ್ಯಗಳನ್ನು ಒಂದು ಚೀಲಕ್ಕೆ ಹಾಕಿ ತನ್ನಿ. ಕಾಗದದ ಪೊಟ್ಟಣವಿದ್ದರೆ ಅದನ್ನೂ ತನ್ನಿ, ಯಾರೂ ಬೈಯುವುದಿಲ್ಲ. ಆದರೆ ಬರುವ ತನಕ ಅದನ್ನು ನಿಲ್ಲಿಸಬೇಡಿ, ನಾಳೆಯೇ ಬನ್ನಿ.